ಬೋರ್ಡಿನ ಮೇಲೆ ಕನ್ನಡ ಬಂತು, ಬರೆಯುವ ಮೇಜು ಎಲ್ಲಿ?

(ಕನ್ನಡ ಯುವಜನರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ. ಅಂದು ಬರಲಾಗದ ಓದುಗರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



ನಾನು ಭಾಷಣಕಾರನಲ್ಲ. ಪಿ.ಯು.ಸಿ. ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಬೇರೆಯವರ ಮಾತನ್ನು ಅಚ್ಚು ಹಾಕುವುದು ನನ್ನ ಕಸುಬು. ಈ ಸಭೆಯ ಕರಪತ್ರ ಅಚ್ಚಾದದ್ದೂ ನನ್ನ ಮೆಷಿನ್ನಿನಲ್ಲೇ. ಅದರಲ್ಲಿ ನನ್ನ ಹೆಸರಿನ ಮುಂದೆ ‘ಮುಖ್ಯ ಭಾಷಣ’ ಅಂತಿತ್ತು. ಪ್ರೂಫಿನಲ್ಲೇ ಅದನ್ನು ಹೊಡೆದು ‘ಎರಡು ಮಾತು’ ಎಂದು ತಿದ್ದಿದೆ. ಪ್ರೂಫ್ ತಿದ್ದುವ ಅಧಿಕಾರವಾದರೂ ನನಗಿದೆಯಲ್ಲ!

ಆ ಎರಡು ಮಾತು ಇವು. ಒಂದು, ನಿಮ್ಮ ಮೇಲೆ ನನಗೊಂದು ದೂರಿದೆ. ಎರಡು, ನಿಮ್ಮಿಂದ ನನಗೆ ಏಳು ಸಹಿ ಬೇಕಾಗಿದೆ. ದೂರು ಮೊದಲು.

ಮಸಿಗೆ ಎರಡು ಕೆಲಸ

ನಾವು ಬೋರ್ಡಿಗೆ ಮಸಿ ಬಳಿದ ಜನ. ತಪ್ಪೇನಿಲ್ಲ. ಕೇಳಿದಾಗ ಕೊಡದವರಿಗೆ ಕೇಳುವ ರೀತಿಯಲ್ಲೇ ಕೇಳಬೇಕಾಯಿತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ನಡೆದದ್ದು ನಿಮಗೆಲ್ಲ ಗೊತ್ತು. ಅದಾದ ಮೇಲೆ 2024ರಲ್ಲಿ ಸರ್ಕಾರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ ತಿದ್ದುಪಡಿ ತಂದಿತು. ನಾಮಫಲಕದ ಶೇಕಡಾ 60 ಭಾಗ ಕನ್ನಡದಲ್ಲಿರಬೇಕು ಎಂದಾಯಿತು. ನಿಮ್ಮ ಹೋರಾಟಕ್ಕೆ ನನ್ನ ನಮಸ್ಕಾರ.

ಆದರೆ ತಮ್ಮಂದಿರೇ, ಅಂಗಡಿಯ ಬೋರ್ಡಿನ ಮೇಲೆ ಕನ್ನಡ ಬಂದರೆ ಸಾಕೇ? ಬೋರ್ಡಿಗೆ ಬೇಕಾದದ್ದು ನಾಲ್ಕು ಪದ. ನುಡಿ ಬದುಕುವುದು ಪುಟಗಟ್ಟಲೆ ಬರೆಯುವವರಿಂದ. ಇಂದಿನ ಬೆಂಗಳೂರನ್ನು, ಈ ಮೆಟ್ರೋವನ್ನು, ಈ ಪಿ.ಜಿ.ಗಳನ್ನು, ಈ ಗಾರ್ಮೆಂಟ್ಸ್ ಫ್ಯಾಕ್ಟರಿಗಳನ್ನು ಕನ್ನಡದಲ್ಲಿ ಬರೆಯುವವರು ಯಾರು? ಅವರು ಎಲ್ಲಿ ಕೂತು ಬರೆಯಬೇಕು? ಇದನ್ನು ನಾವು ಯಾವತ್ತಾದರೂ ಕೇಳಿದ್ದೇವೆಯೇ? ಮಸಿಯಿಂದ ಬೋರ್ಡನ್ನು ಅಳಿಸಬಹುದು. ಅದೇ ಮಸಿಯಿಂದ ಬರೆಯಲೂಬಹುದು. ಮೊದಲನೆಯದಕ್ಕೆ ಒಂದು ರಾತ್ರಿ ಸಾಕು. ಎರಡನೆಯದಕ್ಕೆ ಒಂದು ಮೇಜು, ಒಂದು ಕುರ್ಚಿ, ಒಂದು ದೀಪ, ಕೆಲವು ವರ್ಷ ಬೇಕು.

ನವೆಂಬರ್ ತಿಂಗಳು ಬಂದರೆ ನನ್ನ ಪ್ರೆಸ್ಸಿಗೆ ಸುಗ್ಗಿ. ರಾಜ್ಯೋತ್ಸವದ ಪೋಸ್ಟರು, ರಸೀದಿ ಪುಸ್ತಕ, ಆಹ್ವಾನ ಪತ್ರಿಕೆ. ಅದರಿಂದಲೇ ಹೊಟ್ಟೆ ಹೊರೆದವನು ನಾನು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ಸಂಜೆಯ ಆರ್ಕೆಸ್ಟ್ರಾಕ್ಕೂ ಧ್ವನಿವರ್ಧಕಕ್ಕೂ ನಾವು ಸುರಿಯುವ ಹಣದಲ್ಲಿ ಬರೆಯುವ ಕೋಣೆಯೊಂದು ಇಡೀ ವರ್ಷ ನಡೆಯುತ್ತದೆ. ಇದೇ ನನ್ನ ದೂರು.

ಎದ್ದು ಹೋಗದ ಹುಡುಗ

ಈ ವಿಚಾರ ನನ್ನ ತಲೆಗೆ ತಾನಾಗಿ ಬಂದದ್ದಲ್ಲ. ಒಬ್ಬ ಹುಡುಗ ತಂದು ಹಾಕಿದ.

ನಮ್ಮ ಪ್ರೆಸ್ಸಿನ ಹಿಂದೆ ಒಂದು ಕೋಣೆ ಇದೆ. ಅಪ್ಪನ ಕಾಲದಲ್ಲಿ ಅದು ಕಂಪೋಸಿಂಗ್ ರೂಮು. ನಾಲ್ಕು ಜನ ನಿಂತುಕೊಂಡೇ ಅಚ್ಚುಮೊಳೆ ಜೋಡಿಸುತ್ತಿದ್ದರು. ಕಾಗುಣಿತದ ಅಕ್ಷರಕ್ಕೆ ಒಂದು ಕೇಸು, ಒತ್ತಕ್ಷರಕ್ಕೆ ಇನ್ನೊಂದು ಕೇಸು. ಆಮೇಲೆ ಡಿ.ಟಿ.ಪಿ. ಬಂತು, ಆಫ್‌ಸೆಟ್ ಬಂತು. ಸೀಸದ ಮೊಳೆಗಳನ್ನು ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕಿದೆವು. ಕೋಣೆಯಲ್ಲಿ ಉಳಿದದ್ದು ಒಂದು ಉದ್ದನೆಯ ಮೇಜು, ಒಂದು ಟ್ಯೂಬ್‌ಲೈಟು.

ಆ ಹುಡುಗ ತನ್ನ ಮೊದಲ ಕವನ ಸಂಕಲನದ ಪ್ರೂಫ್ ನೋಡಲು ಬಂದಿದ್ದ. ಹಗಲು ಊಟದ ಪೊಟ್ಟಣ ಹಂಚುವ ಕೆಲಸ. ರಾತ್ರಿ ಪಿ.ಜಿ.ಯಲ್ಲಿ ಒಂದು ರೂಮಿಗೆ ನಾಲ್ಕು ಜನ. ದೀಪ ಹಾಕಿದರೆ ಮೂವರ ನಿದ್ದೆ ಹಾಳು. ಪ್ರೂಫ್ ಮುಗಿಯಿತು. ಹುಡುಗ ಎದ್ದು ಹೋಗಲಿಲ್ಲ. ಚೀಲದಿಂದ ಇನ್ನೊಂದು ನೋಟ್‌ಬುಕ್ ತೆಗೆದು ಬರೆಯುತ್ತಲೇ ಕೂತ. ಷಟರ್ ಎಳೆಯುವ ಹೊತ್ತಿಗೆ ಕೇಳಿದ: “ಸಾರ್, ಈ ಟೇಬಲ್ ಖಾಲಿ ಇದ್ರೆ ನಾಳೆನೂ ಬಂದು ಕೂತ್ಕೊಳ್ಲಾ?”

ನಾಳೆ ಬಂದ. ನಾಡಿದ್ದು ಒಬ್ಬ ಗೆಳೆಯನನ್ನು ಕರೆತಂದ. ಈಗ ಐದು ಜನ ಬರುತ್ತಾರೆ. ಒಬ್ಬ ಕ್ಯಾಬ್ ಡ್ರೈವರ್, ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬ ಕಾಲೇಜು ಹುಡುಗ. ಯಾರಿಗೂ ನಾನು ಏನೂ ಕಲಿಸಿಲ್ಲ. ನನಗೆ ಕಲಿಸಲು ಬರುವುದೂ ಇಲ್ಲ. ಕೊಟ್ಟದ್ದು ಜಾಗ, ಬೆಳಕು, ಸಂಜೆ ಒಂದು ಲೋಟ ಟೀ. ಅಷ್ಟಕ್ಕೇ ಆ ಡ್ರೈವರ್ ಎಂಟು ಕಥೆ ಬರೆದು ಮುಗಿಸಿದ್ದಾರೆ.

ಒಳ್ಳೆಯದನ್ನು ಹೇಳಿದ ಮೇಲೆ ಕೆಟ್ಟದ್ದನ್ನೂ ಹೇಳಬೇಕು. ಒಂದು ಸಂಜೆ ಎಂಟು ಗಂಟೆಗೆ ಒಬ್ಬ ಹೆಣ್ಣುಮಗಳು ಬಂದರು. ಗಾರ್ಮೆಂಟ್ಸಿನಲ್ಲಿ ಕೆಲಸ. ಕೈಯಲ್ಲಿ ರಟ್ಟಿನ ಹೊದಿಕೆಯ ನೋಟ್‌ಬುಕ್ಕು. “ಸಾರ್, ಇಲ್ಲಿ ಕೂತು ಬರೀಬೋದು ಅಂತ ಯಾರೋ ಹೇಳಿದ್ರು” ಅಂದರು. ನಾನು ಷಟರಿನ ಮೇಲೆ ಕೈಯಿಟ್ಟಿದ್ದೆ. “ಟೈಮಾಯ್ತು, ನಾಳೆ ಬಾಮ್ಮ” ಅಂದೆ. ನಿಜ ಏನೆಂದರೆ, ಹೆಣ್ಣುಮಕ್ಕಳು ಬಳಸುವಂಥ ಶೌಚಾಲಯ ನಮ್ಮಲ್ಲಿ ಇರಲಿಲ್ಲ. ರಾತ್ರಿ ಹೊತ್ತು, ನೋಡಿದವರು ಏನಂದುಕೊಂಡಾರೋ ಎಂಬ ಅಳುಕೂ ಇತ್ತು. ಆಕೆ ನಾಳೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಆ ನೋಟ್‌ಬುಕ್ಕಿನಲ್ಲಿ ಏನಿತ್ತು? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಾಗುವುದಿಲ್ಲ. ಎಂ.ಕೆ. ಇಂದಿರಾ ಅವರ ‘ತುಂಗಭದ್ರ’ ಬಂದದ್ದು 1963ರಲ್ಲಿ, ಅವರಿಗೆ ನಲವತ್ತೈದು ದಾಟಿದ ಮೇಲೆ. ಅಲ್ಲಿಯವರೆಗೆ ಅವರೂ ಮನೆಗೆಲಸ ನೋಡಿಕೊಂಡಿದ್ದ ಒಬ್ಬ ಗೃಹಿಣಿ. ಮುಂದೆ 1976ರಲ್ಲಿ ‘ಫಣಿಯಮ್ಮ’ ಕೊಟ್ಟರು. ಬರೆಯುವವರ ಹಣೆಯ ಮೇಲೆ ಬೋರ್ಡು ಇರುವುದಿಲ್ಲ ಬಂಧುಗಳೇ. ಬಾಗಿಲು ಹಾಕಿದವನಿಗೆ ತಾನು ಯಾರ ಮುಖಕ್ಕೆ ಬಾಗಿಲು ಹಾಕಿದೆ ಎಂಬುದು ತಿಳಿಯುವುದೇ ಇಲ್ಲ.

ಧಾರವಾಡದ ಅಟ್ಟ

ಇದೇನು ಹೊಸ ಹುಚ್ಚು ಎನ್ನಬೇಡಿ. ನಮ್ಮ ನಾಡಿಗೆ ಇದು ಹಳೆಯದು.

ಧಾರವಾಡದ ಸುಭಾಷ್ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಮಹಡಿ ಇದೆ. ಕನ್ನಡ ಸಾಹಿತ್ಯ ಬಲ್ಲವರು ಅದನ್ನು ‘ಅಟ್ಟ’ ಎಂದೇ ಕರೆಯುತ್ತಾರೆ. 1933ರಲ್ಲಿ ಗ್ರಂಥಮಾಲೆ ಶುರು ಮಾಡಿದವರು ಜಿ.ಬಿ. ಜೋಶಿ. ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರು, ‘ಸತ್ತವರ ನೆರಳು’ ಅವರದೇ. ಅವರ ದಾರಿ ಸರಳ. ಓದುಗರಿಂದ ವರ್ಷದ ಚಂದಾ ಪಡೆಯುವುದು, ಪುಸ್ತಕ ಅಚ್ಚು ಹಾಕಿ ಚಂದಾದಾರರಿಗೆ ಕಳಿಸುವುದು. ಅದು ದಾನಶಾಲೆಯಲ್ಲ, ಪ್ರಕಾಶನ ಸಂಸ್ಥೆ. ಆದರೆ ಅಟ್ಟ ಬರೀ ಪುಸ್ತಕದ ಗೋಡೌನ್ ಆಗಲಿಲ್ಲ. ಬರೆಯುವವರು ಬಂದು ಕೂರುವ ಜಾಗವಾಯಿತು. ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರು ಅಲ್ಲಿ ಹಸ್ತಪ್ರತಿ ಓದಿ, ಇದು ಸರಿ, ಇದು ಸರಿಯಿಲ್ಲ ಎಂದು ಹೇಳುತ್ತಿದ್ದರು.

ಅದರ ಫಲ ನೋಡಿ. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದು ಆಸೆಪಟ್ಟಿದ್ದ ಒಬ್ಬ ತರುಣ ಕನ್ನಡದಲ್ಲಿ ಒಂದು ನಾಟಕ ಬರೆದ. ಓದಲು ಆಕ್ಸ್‌ಫರ್ಡಿಗೆ ಹೋದ. ಅವನು ಅಲ್ಲಿದ್ದಾಗಲೇ 1961ರಲ್ಲಿ ಗ್ರಂಥಮಾಲೆ ಆ ನಾಟಕವನ್ನು ಅಚ್ಚು ಮಾಡಿತು. ನಾಟಕ ‘ಯಯಾತಿ’, ತರುಣ ಗಿರೀಶ ಕಾರ್ನಾಡ. ಆಗ ವಯಸ್ಸು ಇಪ್ಪತ್ಮೂರು. ಮುಂದೆ 1964ರಲ್ಲಿ ‘ತುಘಲಕ್’ ಬಂತು. 1998ರ ಜ್ಞಾನಪೀಠ ಬಂತು. ಅಂದು ಆ ಹಸ್ತಪ್ರತಿಗೆ ಧಾರವಾಡದಲ್ಲಿ ಬಾಗಿಲು ತೆರೆಯದೇ ಇದ್ದಿದ್ದರೆ? ಯೋಚನೆ ಮಾಡಿ.

ಅದಕ್ಕೂ ಹಿಂದೆ, 1920ರ ದಶಕದಲ್ಲಿ, ಅದೇ ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇತ್ತು. ಬೆಟಗೇರಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ ಅದರಲ್ಲಿದ್ದರು. ಒಬ್ಬ ವಿದ್ಯಾರ್ಥಿಯೂ ಬಂದು ಸೇರಿಕೊಂಡ. ಆ ವಿದ್ಯಾರ್ಥಿ ಯಾರು ಗೊತ್ತೇ? ವಿನಾಯಕ ಕೃಷ್ಣ ಗೋಕಾಕ! 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು, ನಾಡೆಲ್ಲ ಎದ್ದು ನಿಂತದ್ದು ಯಾರ ವರದಿಗಾಗಿ? ಅದೇ ಗೋಕಾಕರ ವರದಿಗಾಗಿ. ನಾವು ಯಾವ ಚಳವಳಿಯ ಹೆಸರು ಹೇಳಿ ಎದೆ ತಟ್ಟಿಕೊಳ್ಳುತ್ತೇವೋ ಆ ಹೆಸರಿನ ಮನುಷ್ಯ ಬೆಳೆದದ್ದು ಬರೆಯುವ ಗೆಳೆಯರ ನಡುವೆ. ಬೀದಿ ಬೇಕು. ಬೀದಿಗೆ ಮೊದಲು ಕೋಣೆಯೂ ಬೇಕು.

ನಮ್ಮ ಬೆಂಗಳೂರಿನಲ್ಲೂ ಹಿರಿಯರು ದಾರಿ ತೋರಿಸಿದ್ದಾರೆ. ಡಿ.ವಿ.ಜಿ. ಮೆಟ್ರಿಕ್ ಪಾಸಾದವರಲ್ಲ. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಓದುವುದಕ್ಕೆ, ಚರ್ಚಿಸುವುದಕ್ಕೆ ಊರಿಗೊಂದು ಜಾಗವಾಯಿತು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ಅವರಿಗೆ ಸನ್ಮಾನ ಮಾಡಿ 90,000 ರೂಪಾಯಿ ಅರ್ಪಿಸಿದರು. ಆ ಕಾಲದ 90,000! ಅದನ್ನು ಪೂರ್ತಿ ಸಂಸ್ಥೆಗೆ ಕೊಟ್ಟುಬಿಟ್ಟರು. ಅಂಥವರ ಊರಿನಲ್ಲಿ ನಿಂತು ನಾನು ಒಂದು ಕೋಣೆಗೆ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ನನಗೇ ನಾಚಿಕೆಯಾಗುತ್ತದೆ.

ನ್ಯೂಯಾರ್ಕಿನ ಬೀಗದ ಕೈ

ನಮ್ಮ ಯುವಕರಿಗೆ ಅಮೆರಿಕದ ಮಾತು ಹೇಳಿದರೆ ಬೇಗ ಕಿವಿಗೆ ಬೀಳುತ್ತದೆ. ಅದನ್ನೂ ಹೇಳುತ್ತೇನೆ.

ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಫ್ರೆಡರಿಕ್ ಲೂಯಿಸ್ ಅಲೆನ್ ಎಂಬ ಲೇಖಕರ ಹೆಸರಿನ ಒಂದು ಕೋಣೆಯನ್ನು ಬರಹಗಾರರಿಗೆಂದೇ ಇಟ್ಟರು. ಕೆಲವೇ ಮೇಜುಗಳು. ಪುಸ್ತಕ ಬರೆಯುತ್ತಿರುವವರಿಗೆ ಅಲ್ಲಿ ಜಾಗ, ಕೈಗೆ ಒಂದು ಬೀಗದ ಕೈ. ರಾಬರ್ಟ್ ಕ್ಯಾರೊ ಎಂಬ ಪತ್ರಕರ್ತರು ಕೆಲಸ ಬಿಟ್ಟು ಒಂದು ದೊಡ್ಡ ಪುಸ್ತಕ ಬರೆಯಲು ಹೊರಟಿದ್ದರು. ವರ್ಷಗಳು ಕಳೆದವು, ಪುಸ್ತಕ ಮುಗಿಯಲಿಲ್ಲ. ಕೈಯಲ್ಲಿ ಕಾಸಿಲ್ಲ. ಇದ್ದ ಮನೆಯನ್ನೂ ಮಾರಿದ್ದಾಯಿತು. ಜೊತೆಗೆ ಮಾತಾಡಲು ಇನ್ನೊಬ್ಬ ಬರಹಗಾರರಿಲ್ಲ. ಆಗ ಈ ಕೋಣೆ ಸಿಕ್ಕಿತು.

ಒಂದು ದಿನ ಅಲ್ಲಿದ್ದ ಜೇಮ್ಸ್ ಫ್ಲೆಕ್ಸ್‌ನರ್ ಎಂಬ ಹಿರಿಯ ಲೇಖಕರು ಕೇಳಿದರು, ಎಷ್ಟು ವರ್ಷದಿಂದ ಬರೆಯುತ್ತಿದ್ದೀರಿ ಎಂದು. ಕ್ಯಾರೊ ನಾಚುತ್ತಲೇ ಐದು ವರ್ಷ ಅಂದರು. ಅದೇನು ಬಹಳವಲ್ಲ, ನಾನು ಜಾರ್ಜ್ ವಾಷಿಂಗ್ಟನ್ ಬಗ್ಗೆ ಒಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ ಎಂದರು ಫ್ಲೆಕ್ಸ್‌ನರ್. ಪಕ್ಕದಲ್ಲಿದ್ದ ಜೋಸೆಫ್ ಲ್ಯಾಶ್ ತಮ್ಮ ಪುಸ್ತಕಕ್ಕೆ ಏಳು ವರ್ಷ ಹಿಡಿಯಿತು ಎಂದರು. ಐದು ವರ್ಷದಿಂದ ಕೊರೆಯುತ್ತಿದ್ದ ಅನುಮಾನ ಆ ಒಂದು ಮಾತಿಗೆ ಹೋಯಿತು ಎಂದು ಕ್ಯಾರೊ ಅವರೇ ಬರೆದುಕೊಂಡಿದ್ದಾರೆ. 1974ರಲ್ಲಿ ಪುಸ್ತಕ ಬಂತು. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು.

ಇದರಲ್ಲಿ ನಿಮಗೊಂದು ಪಾಠ ಇದೆ. ಕೋಣೆ ಎಂದರೆ ನಾಲ್ಕು ಗೋಡೆ ಮಾತ್ರವಲ್ಲ. ಪಕ್ಕದ ಮೇಜಿನಲ್ಲಿ ಇನ್ನೊಬ್ಬ ಬರೆಯುತ್ತಿದ್ದಾನೆ ಎಂಬ ಧೈರ್ಯ. ಒಬ್ಬನೇ ಬರೆಯುವವನಿಗೆ ತಾನು ಹುಚ್ಚನೇನೋ ಎನಿಸುತ್ತದೆ. ಐದು ಜನ ಕೂತು ಬರೆದರೆ ಅದು ಕೆಲಸ ಎನಿಸುತ್ತದೆ.

ಅದೇ ನ್ಯೂಯಾರ್ಕಿನಲ್ಲಿ 1978ರಲ್ಲಿ ಬರಹಗಾರರೇ ಸೇರಿ ‘ರೈಟರ್ಸ್ ರೂಮ್’ ಎಂಬ ಹಂಚಿಕೊಂಡು ಬರೆಯುವ ಜಾಗವನ್ನು ಶುರು ಮಾಡಿದರು. ಲಾಭಕ್ಕಲ್ಲ. ಇಂಗ್ಲಿಷಿನಂಥ ದುಡ್ಡಿರುವ ಭಾಷೆಯ ಬರಹಗಾರರಿಗೇ ಇದು ಬೇಕಾಯಿತು ಎಂದ ಮೇಲೆ, ಕನ್ನಡದಲ್ಲಿ ಬರೆಯುವ ನಮ್ಮ ಡ್ರೈವರಿಗೆ, ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಬೇಡವೇ?

ಯಾರಿಗೆ ಜಾಗ?

ಈಗ ಸ್ವಲ್ಪ ಕಹಿ ಮಾತು. ಕೋಣೆ ಮಾಡಿದರೆ ಯಾರನ್ನು ಒಳಗೆ ಬಿಡುತ್ತೀರಿ ಎಂದು ನಮ್ಮವರೇ ಒಬ್ಬರು ಕೇಳಿದರು. ಅಪ್ಪಟ ಕನ್ನಡಿಗರಿಗೆ ಮಾತ್ರ ತಾನೇ, ಅಂದರು.

ಅಪ್ಪಟ ಅಂದರೆ ಯಾರು ಸ್ವಾಮಿ? ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದು ತಮಿಳು. ಕಾರ್ನಾಡರದು ಕೊಂಕಣಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಮೊಟ್ಟಮೊದಲು ಕನ್ನಡಕ್ಕೆ ತಂದ ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದು. ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಸ್ತಿಯವರೂ ಆ ಪ್ರಶಸ್ತಿಯಲ್ಲಿ ಪಾಲುದಾರರು. ಇವರನ್ನೆಲ್ಲ ಬಾಗಿಲಲ್ಲಿ ನಿಲ್ಲಿಸಿ ಮನೆಮಾತು ಕೇಳಿದ್ದರೆ ಕನ್ನಡದ ಗತಿ ಏನಾಗುತ್ತಿತ್ತು? ಕನ್ನಡದಲ್ಲಿ ಬರೆಯುವವನು ಕನ್ನಡಿಗ. ನನ್ನ ಕೋಣೆಗೆ ಇದೊಂದೇ ಟಿಕೇಟು. ಇದಕ್ಕೆ ಒಪ್ಪದವರು ಈಗಲೇ ಹೇಳಿಬಿಡಿ, ಸಹಿ ಹಾಕುವ ಮೊದಲೇ.

ಕೋಣೆ ನಡೆಸುವುದು ಹೇಗೆ?

ಬರೀ ಮಾತು ಬೇಡ, ಲೆಕ್ಕಕ್ಕೆ ಬರೋಣ.

ಆರು ಮೇಜು, ಆರು ಕುರ್ಚಿ. ಪ್ರತಿ ಮೇಜಿಗೆ ಒಂದು ದೀಪ, ಒಂದು ಪ್ಲಗ್ ಪಾಯಿಂಟ್. ಕನ್ನಡ ಟೈಪ್ ಮಾಡಲು ಎರಡು ಕಂಪ್ಯೂಟರ್, ಅದರಲ್ಲಿ ನುಡಿ ತಂತ್ರಾಂಶ. ಹಳೆಯ ಕಂಪ್ಯೂಟರ್ ನನ್ನಲ್ಲೇ ಇವೆ. ಕಪಾಟಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟ. ಹೆಣ್ಣುಮಕ್ಕಳಿಗೆ ಒಳಗಿನಿಂದ ಚಿಲಕವಿರುವ, ನೀರಿರುವ ಶೌಚಾಲಯ. ಇದನ್ನು ಆಗಲೇ ಕಟ್ಟಿಸಲು ಶುರು ಮಾಡಿದ್ದೇನೆ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಬಾಗಿಲು ತೆರೆದಿರಬೇಕು. ಪಾಳಿಯ ಮೇಲೆ ದುಡಿಯುವವರು ಕೆಲಸಕ್ಕೆ ಮೊದಲೂ ಬರುತ್ತಾರೆ, ಕೆಲಸ ಮುಗಿಸಿಯೂ ಬರುತ್ತಾರೆ.

ನಿಯಮಗಳು ಕಡಿಮೆ. ಒಳಗೆ ಫೋನಿನಲ್ಲಿ ಮಾತಾಡುವಂತಿಲ್ಲ. ಭಾಷಣ ಇಲ್ಲ. ಯಾವ ಪಕ್ಷದ, ಯಾವ ನಾಯಕರ ಫೋಟೋ ಗೋಡೆಗೆ ಬೇಡ, ನಮ್ಮ ಸಂಘದವರದ್ದೂ ಬೇಡ. ಶುಲ್ಕವಿಲ್ಲ. ಬಾಗಿಲ ಬಳಿ ಒಂದು ಡಬ್ಬಿ, ಇದ್ದವರು ಹಾಕಲಿ. ಬಂದದ್ದು, ಖರ್ಚಾದದ್ದು ಪ್ರತಿ ತಿಂಗಳು ಗೋಡೆಯ ಮೇಲೆ ಬರೆದು ಹಾಕುವುದು. ಹದಿನೈದು ದಿನಕ್ಕೊಮ್ಮೆ ಭಾನುವಾರ ಸಂಜೆ ಬರೆದದ್ದನ್ನು ಓದುವುದು, ಕೇಳಿದವರು ಮುಲಾಜಿಲ್ಲದೆ ಹೇಳುವುದು. ಅಟ್ಟದಲ್ಲಿ ನಡೆದದ್ದೂ ಇದೇ ತಾನೇ.

ಒಬ್ಬನ ಪ್ರೀತಿಯ ಮೇಲೆ ನಿಂತ ಕೋಣೆ ಅವನ ಆಯುಷ್ಯದಷ್ಟೇ. ಅದಕ್ಕೇ ಸಂಘ ಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಲಾಭದ ಉದ್ದೇಶವಿಲ್ಲದ ಸಂಘವೊಂದನ್ನು ನೋಂದಾಯಿಸಲು ಕಡೇಪಕ್ಷ ಏಳು ಜನ ಬೇಕು. ಏಳೇ ಜನ!

ಇದು ನನ್ನೊಬ್ಬನ ಕೋಣೆಯಲ್ಲೇ ನಿಲ್ಲಬಾರದು. ನೀವು ಹೋರಾಟಗಾರರು, ನಿಮಗೊಂದು ಹೋರಾಟವನ್ನೂ ಕೊಡುತ್ತೇನೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಮನೆ ಮಾಲೀಕ ಕಟ್ಟಿದರೂ ಅದು ನಿಮ್ಮ ಬಾಡಿಗೆಯಲ್ಲಿ ಸೇರಿಯೇ ಇರುತ್ತದೆ. ಅಂದರೆ ಆ ಗ್ರಂಥಾಲಯ ನಿಮ್ಮದು. ನಿಮ್ಮ ಬಡಾವಣೆಯ ಶಾಖೆಗೆ ಹೋಗಿ ಕೇಳಿ: ಇಲ್ಲಿ ಕನ್ನಡ ಬರಹಗಾರರಿಗೆ ಎರಡು ಮೇಜು ಮೀಸಲಿಡಿ, ರಾತ್ರಿ ದುಡಿದು ಬಂದವರಿಗೂ ಸಿಗುವಂತೆ ಸಮಯ ಇಡಿ. ಮನವಿ ಬರೆಯಿರಿ, ಸ್ವೀಕೃತಿ ಪಡೆಯಿರಿ, ಬೆನ್ನು ಬಿಡಬೇಡಿ. ಮನವಿ ಪತ್ರ ನಾನು ಪುಕ್ಕಟೆ ಅಚ್ಚು ಹಾಕಿ ಕೊಡುತ್ತೇನೆ. ನ್ಯೂಯಾರ್ಕಿನ ಗ್ರಂಥಾಲಯ ಕೊಟ್ಟದ್ದನ್ನು ನಮ್ಮದೂ ಕೊಡಲಿ.

ಏಳು ಸಹಿ

ಕೊನೆಯ ಮಾತು, ಇದು ನನ್ನ ಮನೆಯ ಮಾತು.

ಆ ಹಿಂದಿನ ಕೋಣೆಯನ್ನು ಗೋಡೌನ್‌ಗೆ ಕೊಡಿ ಎಂದು ಒಬ್ಬರು ದುಂಬಾಲು ಬಿದ್ದಿದ್ದಾರೆ. ತಿಂಗಳಿಗೆ 15,000 ಬಾಡಿಗೆ, ಒಂದೂವರೆ ಲಕ್ಷ ಅಡ್ವಾನ್ಸು. ಸುಮ್ಮನೆ ಬಿಡುವ ದುಡ್ಡಲ್ಲ. ಮಗಳನ್ನು ಕಾಲೇಜಿಗೆ ಸೇರಿಸಬೇಕು. ಫ್ಲೆಕ್ಸ್, ಮೊಬೈಲು ಬಂದ ಮೇಲೆ ಸಣ್ಣ ಪ್ರೆಸ್ಸುಗಳ ಪಾಡು ನಿಮಗೆ ಗೊತ್ತು. ಲಗ್ನಪತ್ರಿಕೆಯನ್ನೂ ಈಗ ಫೋನಿನಲ್ಲೇ ಕಳಿಸುತ್ತಾರೆ. ಮನೆಯಲ್ಲಿ ಕೇಳಿದೆ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಬಾಡಿಗೆ ಬಂದ್ರೆ ಫೀಸಿಗೆ ದಾರಿ ಆಗುತ್ತೆ. ಆದ್ರೆ ಆ ಹುಡುಗರನ್ನ ಎದ್ದೇಳ್ರಪ್ಪಾ ಅನ್ನೋಕೆ ನಿಮಗೆ ಬಾಯಿ ಬರುತ್ತಾ?”

ಬಾಯಿ ಬರುವುದಿಲ್ಲ. ಆದರೆ ನಾನೊಬ್ಬನೇ ಹೊರುವ ಶಕ್ತಿಯೂ ಇಲ್ಲ. ಅದಕ್ಕೇ ನಿಮ್ಮೆದುರು ಒಂದು ಕರಾರು ಇಡುತ್ತಿದ್ದೇನೆ. ನಿಮ್ಮಲ್ಲಿ ಏಳು ಜನ ಮುಂದೆ ಬನ್ನಿ. ಅದರಲ್ಲಿ ಮೂವರಾದರೂ ಹೆಣ್ಣುಮಕ್ಕಳಿರಲಿ. ಸಂಘ ನೋಂದಾಯಿಸಿ. ಬಾಗಿಲು ತೆಗೆಯುವವರು ಯಾರು, ಹಾಕುವವರು ಯಾರು, ಕರೆಂಟು ಬಿಲ್ಲು ಕಟ್ಟುವವರು ಯಾರು ಎಂದು ನಿಮ್ಮಲ್ಲೇ ಪಾಳಿ ಹಂಚಿಕೊಳ್ಳಿ. ಆ ಸಂಘಕ್ಕೆ ಐದು ವರ್ಷ ಆ ಕೋಣೆಯನ್ನು ಬಾಡಿಗೆಯಿಲ್ಲದೆ ಬರೆದು ಕೊಡುತ್ತೇನೆ. ಛಾಪಾ ಕಾಗದದ ಮೇಲೆ, ಸಾಕ್ಷಿ ಸಮೇತ. ತಿಂಗಳ ಕೊನೆಯ ಒಳಗೆ ಏಳು ಸಹಿ ಬರದಿದ್ದರೆ ಕೋಣೆ ಗೋಡೌನ್ ಆಗುತ್ತದೆ. ಇದು ಬೆದರಿಕೆಯಲ್ಲ ತಮ್ಮಂದಿರೇ, ಬಡವನ ಲೆಕ್ಕ.

ಬೋರ್ಡಿಗಾಗಿ ನೀವು ಸಾವಿರ ಜನ ಬೀದಿಗೆ ಬಂದಿರಿ. ಮೇಜಿಗಾಗಿ ಏಳು ಜನ ಬರುವುದಿಲ್ಲವೇ?

ಈ ಪತ್ರಿಕೆ ಓದುತ್ತಿರುವ ನಿಮಗೂ ಇದೇ ಮಾತು. ನಿಮ್ಮ ಊರಿನಲ್ಲಿ, ನಿಮ್ಮ ಬಡಾವಣೆಯಲ್ಲಿ ಯಾರದೋ ಅಂಗಡಿಯ ಹಿಂದೆ, ಯಾವುದೋ ಸಂಘದ ಮಹಡಿಯ ಮೇಲೆ ಒಂದು ಖಾಲಿ ಕೋಣೆ ಇದ್ದೇ ಇದೆ. ಅದರ ಬೀಗ ಯಾರ ಬಳಿ ಇದೆ ಎಂದು ನಾಳೆಯೇ ವಿಚಾರಿಸಿ. ಆ ಗಾರ್ಮೆಂಟ್ಸ್ ಹೆಣ್ಣುಮಗಳು ನಿಮಗೆ ಎಲ್ಲಾದರೂ ಸಿಕ್ಕರೆ ಹೇಳಿ, ಆ ಪ್ರೆಸ್ಸಿನವನು ಈಗ ಎಂಟಕ್ಕೆ ಷಟರ್ ಎಳೆಯುವುದಿಲ್ಲ ಎಂದು.

ಇಗೋ, ಹಾಳೆ ಇಲ್ಲಿಟ್ಟಿದ್ದೇನೆ. ಪೆನ್ನೂ ಇದೆ. ಏಳು ಗೆರೆ ಎಳೆದಿದ್ದೇನೆ. ಎಂಟನೆಯ ಗೆರೆಯಲ್ಲಿ ನನ್ನ ಸಹಿ ಆಗಲೇ ಬಿದ್ದಿದೆ.

ಸಿರಿಗನ್ನಡಂ ಗೆಲ್ಗೆ!